ಕೊಟ್ಟಿಗೆಯ ಹಳೆಯ ಸಿಮೆಂಟ್ ಶೀಟು, ಅಪ್ಪನ ಏದುಸಿರು: ಯಾವುದಕ್ಕೆ ಎಷ್ಟು ಹೆದರಬೇಕು?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮೊದಲು ಮನೆ, ಕೊಟ್ಟಿಗೆ ಎಲ್ಲಕ್ಕೂ ಮಂಗಳೂರು ಹೆಂಚಿತ್ತು. ಮಂಗಗಳು ಕುಣಿದು ಹೆಂಚು ಒಡೆಯುವುದು, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಜನ ಸಿಗದಿರುವುದು, ಇವೆರಡರಿಂದ ಬೇಸತ್ತ ನಮ್ಮಜ್ಜ 1989ರಲ್ಲಿ ಕೊಟ್ಟಿಗೆ, ಬಚ್ಚಲುಮನೆ ಮತ್ತು ಅಡಿಕೆ ಸುಲಿಯುವ ಹಿಂಬದಿಯ ಮಾಡಿಗೆ ಸಿಮೆಂಟ್ ಶೀಟು ಹಾಕಿಸಿದರು. ಪ್ರತಿ ವರ್ಷ ಮೇ ತಿಂಗಳಲ್ಲಿ ನಾನೇ ಮೇಲೆ ಹತ್ತಿ ತಂತಿ ಬ್ರಷ್ಷಿನಿಂದ ಒಣಗಿದ ಪಾಚಿ ಕೆರೆದು ಗುಡಿಸುತ್ತೇನೆ. ಈಗ ಎಲ್ಲವನ್ನೂ ತೆಗೆಸಿ ಬಣ್ಣದ ತಗಡು ಹಾಕಿಸಬೇಕೆಂದಿದ್ದೇನೆ. ಮೇಲಿನಿಂದಲೇ ಒಡೆದು ಕೆಡವಿದರೆ ಒಂದೇ ದಿನದ ಕೆಲಸ, ಚೂರುಗಳನ್ನು ತೋಟದ ದಾರಿಯ ಕೆಸರಿಗೆ ತುಂಬಬಹುದು ಎಂದು ಕೆಲಸದವರು ಹೇಳುತ್ತಾರೆ. ಬೆಂಗಳೂರಿನಲ್ಲಿರುವ ಅಕ್ಕ ಮಾತ್ರ, ಅದು ಕ್ಯಾನ್ಸರ್ ತರುವ ಶೀಟು, ಅದರ ಮೇಲಿಂದ ಇಳಿದ ನೀರನ್ನೂ ಮುಟ್ಟಬೇಡಿ, ಈ ವಾರವೇ ಕಿತ್ತು ಹಾಕಿಸಿ ಎನ್ನುತ್ತಾಳೆ. ಊರಿನ ಶಾಲೆಗೂ ಸೊಸೈಟಿಗೂ ಅದೇ ಶೀಟು ಇದೆಯಲ್ಲ? ಇನ್ನೊಂದು ವಿಷಯ. ಅಪ್ಪನಿಗೆ ಈಗ 72. ಹೊರಗಿನ ಒಂದು ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ 1974ರಿಂದ ಇಪ್ಪತ್ತೈದು ವರ್ಷ ದುಡಿದವರು. ಬೀಡಿ ಬಿಟ್ಟು ಎಂಟು ವರ್ಷವಾಯಿತು. ಎರಡು ವರ್ಷದಿಂದ ಒಣಕೆಮ್ಮು, ತೋಟದ ಏರು ಹತ್ತಿದರೆ ಏದುಸಿರು. ಒಮ್ಮೆ ಕ್ಷಯದ ಮಾತ್ರೆಯನ್ನೂ ಕೊಟ್ಟಿದ್ದರು, ಆದರೆ ಕಫದಲ್ಲಿ ಏನೂ ಸಿಕ್ಕಿರಲಿಲ್ಲ. ಇದಕ್ಕೂ ನಮ್ಮ ಮಾಡಿಗೂ ಸಂಬಂಧವಿದೆಯೆ?

ಉತ್ತರ: ನಿಮ್ಮ ಪತ್ರದಲ್ಲಿ ಮಾಡಿನ ಚಿಂತೆ ಮತ್ತು ತಂದೆಯವರ ಚಿಂತೆ ಒಂದರೊಳಗೊಂದು ಹೆಣೆದುಕೊಂಡಿವೆ. ಇವೆರಡನ್ನೂ ಬಿಡಿಸಿ ನೋಡದಿದ್ದರೆ ಹೆದರಬೇಕಾದ ಕಡೆ ಧೈರ್ಯವಾಗಿದ್ದು, ಧೈರ್ಯವಾಗಿರಬಹುದಾದ ಕಡೆ ಹೆದರುವಂತಾಗುತ್ತದೆ. ಶ್ವಾಸಕೋಶದ ವೈದ್ಯನಾಗಿ ಶಿವಮೊಗ್ಗದಲ್ಲಿ ಬಹುಕಾಲದಿಂದ ಕಾರ್ಮಿಕರ ಎದೆಯ ಕಾಯಿಲೆಗಳನ್ನು ನೋಡುತ್ತಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತಂದೆಯವರ ತೊಂದರೆಗೆ ಕಲ್ನಾರು, ಅಂದರೆ ಈ ಶೀಟಿಗೂ ಹಿಂದಿನ ಬಾಯ್ಲರುಗಳ ಹೊದಿಕೆಗೂ ಬಳಸುತ್ತಿದ್ದ ಆಸ್‌ಬೆಸ್ಟಾಸ್, ಕಾರಣವಾಗಿದ್ದರೆ ಅದು ಕೊಟ್ಟಿಗೆಯ ಮಾಡಿನಿಂದ ಬಂದದ್ದಲ್ಲ, ಬಾಯ್ಲರಿನಿಂದ ಬಂದದ್ದು. ಅದನ್ನು ಈ ತಿಂಗಳೇ ಪರೀಕ್ಷಿಸಬೇಕು. ಮಾಡಿಗೆ ಅಂಥ ಅವಸರವಿಲ್ಲ. ಅಕ್ಕನವರು ಹೇಳಿದಂತೆ ಈ ವಾರವೇ ಕೀಳಿಸುವುದಾಗಲಿ, ಕೆಲಸದವರು ಹೇಳಿದಂತೆ ಒಡೆದು ಕೆಡಹುವುದಾಗಲಿ, ಸುಮ್ಮನೆ ಬಿಡುವುದಕ್ಕಿಂತ ಹೆಚ್ಚಿನ ಕೆಡುಕನ್ನು ಮಾಡುತ್ತವೆ. ನೀವು ತಕ್ಷಣ ನಿಲ್ಲಿಸಬೇಕಾದದ್ದು ತಂತಿ ಬ್ರಷ್ಷನ್ನು.

ಕಾರಣ ತಿಳಿಯಲು ಶೀಟಿನೊಳಗೆ ಏನಿದೆ ಎಂಬುದನ್ನು ನೋಡಬೇಕು. ಕಲ್ನಾರು ನೆಲದಿಂದ ಅಗೆದು ತೆಗೆಯುವ, ಎಳೆ ಎಳೆಯಾಗಿ ಬಿಡಿಸಿಕೊಳ್ಳುವ ಖನಿಜ. ಇದರಲ್ಲಿ ಆರು ಬಗೆಗಳಿದ್ದರೂ ಉದ್ಯಮದಲ್ಲಿ ಹೆಚ್ಚಾಗಿ ಬಳಕೆಯಾದವು ಮೂರು: ಕ್ರಿಸೊಟೈಲ್ ಎಂಬ ಬಿಳಿ ಕಲ್ನಾರು, ಅಮೊಸೈಟ್ ಎಂಬ ಕಂದು ಕಲ್ನಾರು ಮತ್ತು ಕ್ರೊಸಿಡೊಲೈಟ್ ಎಂಬ ನೀಲಿ ಕಲ್ನಾರು. ಮಾಡಿಗೆ ಹೊದಿಸುವ ಶೀಟಿನಲ್ಲಿ ನೂರಕ್ಕೆ ಸುಮಾರು ಹತ್ತು ಪಾಲು ಕಲ್ನಾರು, ಅದರಲ್ಲೂ ಮುಖ್ಯವಾಗಿ ಬಿಳಿಯದು ಇರುತ್ತದೆ. ಉಳಿದದ್ದು ಬಹುಮಟ್ಟಿಗೆ ಸಿಮೆಂಟು. ಎಳೆಗಳು ಸಿಮೆಂಟಿನಲ್ಲಿ ಬಿಗಿಯಾಗಿ ಕೂತಿರುವುದರಿಂದ ಶೀಟು ಗಟ್ಟಿಯಾಗಿದ್ದಷ್ಟು ಕಾಲ ಅವು ಗಾಳಿಗೆ ಬರುವುದು ತೀರ ಕಡಿಮೆ. ತೊಂದರೆ ಶುರುವಾಗುವುದು ಕೊರೆದಾಗ, ಕತ್ತರಿಸಿದಾಗ, ಒಡೆದಾಗ, ಒಣಗಿದ್ದಾಗ ಉಜ್ಜಿದಾಗ. ಕಲ್ನಾರಿನ ಎಳೆ ಅಡ್ಡಕ್ಕೆ ತುಂಡಾಗುವುದಕ್ಕಿಂತ ಹೆಚ್ಚಾಗಿ, ಬಾಳೆನಾರನ್ನು ಸೀಳಿದಂತೆ ಉದ್ದಕ್ಕೇ ಸೀಳಿಕೊಳ್ಳುತ್ತದೆ. ಹಾಗೆ ಸೀಳಿ ಸೀಳಿ ಕಣ್ಣಿಗೆ ಕಾಣದಷ್ಟು ಸಪುರವಾದ, ಆದರೆ ಉದ್ದ ಕಳೆದುಕೊಳ್ಳದ ಸೂಜಿಗಳಾಗುತ್ತವೆ. ಮೂರು ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ತೆಳುವಾದ, ಐದು ಮೈಕ್ರಾನ್‌ಗಿಂತ ಉದ್ದವಾದ ಎಳೆಗಳನ್ನೇ ಗಾಳಿಯ ಪರೀಕ್ಷೆಯಲ್ಲಿ ಎಣಿಸುತ್ತಾರೆ, ಏಕೆಂದರೆ ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಇಳಿಯಬಲ್ಲವು ಅವೇ.

ನಮ್ಮ ಶ್ವಾಸಕೋಶದಲ್ಲಿ ಹೊರಗಿನಿಂದ ಬಂದ ಕಸವನ್ನು ನುಂಗಿ ಸಾಗಿಸುವ ಕಾವಲು ಕೋಶಗಳಿವೆ. ಸಾಮಾನ್ಯ ಮಣ್ಣಿನ ಕಣವಾದರೆ ಅವು ಸುಲಭವಾಗಿ ನುಂಗುತ್ತವೆ. ತಮ್ಮ ಅಳತೆಗಿಂತ ಉದ್ದವಾದ ಕಲ್ನಾರಿನ ಸೂಜಿಯನ್ನು ಪೂರ್ತಿ ನುಂಗಲಾಗದೆ, ಬಿಡಲೂ ಆಗದೆ, ತಮ್ಮೊಳಗಿನ ಉರಿ ಹುಟ್ಟಿಸುವ ರಾಸಾಯನಿಕಗಳನ್ನು ಸುತ್ತಲಿನ ಅಂಗಾಂಶಕ್ಕೇ ಚೆಲ್ಲುತ್ತವೆ. ಇದು ಒಂದು ದಿನದ ಉರಿಯೂತವಾಗಿರದೆ ವರ್ಷಗಟ್ಟಲೆ ನಡೆಯುತ್ತ ಹೋದಾಗ ಮೆತ್ತಗಿನ ಶ್ವಾಸಕೋಶ ಕಲೆಗಟ್ಟಿ ಬಿರುಸಾಗುತ್ತದೆ. ಆ ಸ್ಥಿತಿಗೇ ಆಸ್‌ಬೆಸ್ಟೋಸಿಸ್ ಎನ್ನುವುದು. ಅದೇ ಎಳೆಗಳು ಕೋಶಗಳ ವಂಶವಾಹಿಗಳನ್ನು ಕೆಡಿಸಿ ಶ್ವಾಸಕೋಶದ ಕ್ಯಾನ್ಸರಿಗೂ, ಶ್ವಾಸಕೋಶವನ್ನು ಹೊದ್ದಿರುವ ತೆಳುಪೊರೆಯಲ್ಲಿ ಮೀಸೋಥೀಲಿಯೋಮಾ ಎಂಬ, ಕಲ್ನಾರಿನ ಹೊರತು ಬೇರೆ ಕಾರಣದಿಂದ ಬರುವುದು ಅಪರೂಪವಾದ ಕ್ಯಾನ್ಸರಿಗೂ ಕಾರಣವಾಗುತ್ತವೆ. ಇವೆಲ್ಲವುಗಳ ಕ್ರೂರ ಗುಣವೆಂದರೆ ತಡ. ಆಸ್‌ಬೆಸ್ಟೋಸಿಸ್ ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷಗಳ ಮೇಲೆ ಕಾಣಿಸಿಕೊಂಡರೆ, ಮೀಸೋಥೀಲಿಯೋಮಾ ಮೂವತ್ತು ನಲವತ್ತು ವರ್ಷ, ಕೆಲವೊಮ್ಮೆ ಐವತ್ತು ವರ್ಷ ಕಳೆದ ಮೇಲೆ ಬರುತ್ತದೆ. ಧೂಳು ಕುಡಿದವನು ನಿವೃತ್ತನಾಗಿ, ಊರಿಗೆ ಮರಳಿ, ಕಾರ್ಖಾನೆಯನ್ನು ಮರೆತ ಮೇಲೆ ಕಾಯಿಲೆ ಬರುವುದರಿಂದ ಎಷ್ಟೋ ಸಲ ವೈದ್ಯರೂ ಅದನ್ನು ಕೇಳುವುದಿಲ್ಲ, ರೋಗಿಯೂ ಹೇಳುವುದಿಲ್ಲ.

ಇಷ್ಟು ಅಪಾಯಕಾರಿಯಾಗಿದ್ದರೆ ಶಾಲೆಗೂ ಸೊಸೈಟಿಗೂ ಹೇಗೆ ಬಂತು ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸ್ವಲ್ಪ ಚರಿತ್ರೆ ಹೇಳಬೇಕು. ಸಿಮೆಂಟಿಗೆ ಕಲ್ನಾರು ಬೆರೆಸಿ ತೆಳುವಾದ ಹಾಳೆ ತೆಗೆಯುವ ವಿಧಾನಕ್ಕೆ ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್ 1901ರಲ್ಲಿ ಪೇಟೆಂಟ್ ಪಡೆದ. ಬೆಂಕಿ ಹಿಡಿಯದ, ತುಕ್ಕು ಹಿಡಿಯದ, ಗೆದ್ದಲು ಮುಟ್ಟದ, ಅಗ್ಗದ ಮಾಡು ಯಾರಿಗೆ ಬೇಡ? ಮಲೆನಾಡಿಗೆ ಹೇಳಿ ಮಾಡಿಸಿದಂಥ ಸಾಮಾನು ಅದು. ಇನ್ನೊಂದು ಕಡೆ ಹಬೆಯ ಯಂತ್ರಗಳ ಕಾಲದಲ್ಲಿ ಬಾಯ್ಲರು, ಹಬೆಪೈಪು, ಕುಲುಮೆ, ಹಡಗು ಎಲ್ಲಕ್ಕೂ ಶಾಖ ತಡೆಯಲು ಕಲ್ನಾರನ್ನೇ ಸುತ್ತಿದರು. ಆದರೆ ಇದರ ಕೆಡುಕು ಗೊತ್ತಾದದ್ದು ನಿನ್ನೆ ಮೊನ್ನೆಯಲ್ಲ. ಇಂಗ್ಲೆಂಡಿನ ರಾಕ್‌ಡೇಲ್ ಊರಿನ ಗಿರಣಿಯಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಶಾ ಎಂಬ ಹೆಣ್ಣುಮಗಳು 1924ರಲ್ಲಿ ತನ್ನ 33ನೆಯ ವಯಸ್ಸಿಗೆ ತೀರಿಕೊಂಡಾಗ ವೈದ್ಯ ವಿಲಿಯಂ ಕುಕ್ ಆಕೆಯ ಶ್ವಾಸಕೋಶದಲ್ಲಿ ಆ ಎಳೆಗಳನ್ನು ಕಂಡು ವೈದ್ಯಪತ್ರಿಕೆಯಲ್ಲಿ ಬರೆದ. 1930ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಕಾರ್ಖಾನೆ ನಿರೀಕ್ಷಕರಾದ ಮೆರಿವೆದರ್ ಮತ್ತು ಪ್ರೈಸ್ ಕೊಟ್ಟ ವರದಿಯ ಪ್ರಕಾರ ಪರೀಕ್ಷಿಸಿದ 363 ಕಾರ್ಮಿಕರಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿಯ ಶ್ವಾಸಕೋಶ ಕಲೆಗಟ್ಟಿತ್ತು. ಮರುವರ್ಷವೇ ಅಲ್ಲಿ ಧೂಳು ನಿಯಂತ್ರಣದ ಕಾನೂನು ಬಂತು. 1935ರಲ್ಲಿ ಅಮೆರಿಕದ ದೊಡ್ಡ ಕಲ್ನಾರು ಕಂಪನಿಯೊಂದರ ಅಧ್ಯಕ್ಷ ಸಮ್ನರ್ ಸಿಂಪ್ಸನ್, ಈ ವಿಷಯದಲ್ಲಿ ಎಷ್ಟು ಕಡಿಮೆ ಮಾತಾಡಿದರೆ ನಮಗೆ ಅಷ್ಟು ಒಳ್ಳೆಯದು ಎಂಬರ್ಥದ ಕಾಗದವನ್ನು ಇನ್ನೊಂದು ಕಂಪನಿಯವರಿಗೆ ಬರೆದ. ದಶಕಗಳ ಮೇಲೆ ಅದು ನ್ಯಾಯಾಲಯಗಳಲ್ಲಿ ಸಾಕ್ಷ್ಯವಾಯಿತು. ಬ್ರಿಟನ್ನಿನ ವೈದ್ಯ ರಿಚರ್ಡ್ ಡಾಲ್ 1955ರಲ್ಲಿ ಕಲ್ನಾರು ಕಾರ್ಮಿಕರ ಶ್ವಾಸಕೋಶದ ಕ್ಯಾನ್ಸರನ್ನು ಲೆಕ್ಕ ಹಾಕಿ ತೋರಿಸಿದ. 1960ರಲ್ಲಿ ದಕ್ಷಿಣ ಆಫ್ರಿಕಾದ ನೀಲಿ ಕಲ್ನಾರು ಗಣಿಗಳ ಸೀಮೆಯಿಂದ ವ್ಯಾಗ್ನರ್ ಮತ್ತು ಸಂಗಡಿಗರು 33 ಮೀಸೋಥೀಲಿಯೋಮಾ ಪ್ರಕರಣಗಳನ್ನು ವರದಿ ಮಾಡಿದಾಗ, ಅವರಲ್ಲಿ ಗಣಿಗೆ ಕಾಲಿಡದೆ ಬರಿಯ ಅಕ್ಕಪಕ್ಕದಲ್ಲಿ ಬದುಕಿದ್ದವರೂ ಇದ್ದರು.

ಇದೆಲ್ಲ ಆಗಿ ದಶಕಗಳ ಮೇಲೆ ಬ್ರಿಟನ್ 1999ರಲ್ಲಿ, ಐರೋಪ್ಯ ಒಕ್ಕೂಟ 2005ರಲ್ಲಿ, ಒಂದು ಕಾಲಕ್ಕೆ ಜಗತ್ತಿಗೇ ಕಲ್ನಾರು ಮಾರುತ್ತಿದ್ದ ಕೆನಡಾ 2018ರಲ್ಲಿ ಇದನ್ನು ನಿಷೇಧಿಸಿದವು. ನಮ್ಮಲ್ಲಿ ವಿಚಿತ್ರ ಸ್ಥಿತಿ ಇದೆ. ಕಲ್ನಾರು ಗಣಿಗಳಿಗೆ 1986ರಿಂದ ಹೊಸ ಗುತ್ತಿಗೆ ಕೊಡುವುದನ್ನೂ 1993ರಿಂದ ಹಳೆಯದನ್ನು ನವೀಕರಿಸುವುದನ್ನೂ ಸರ್ಕಾರ ನಿಲ್ಲಿಸಿತು. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಲೂ ಹಿಂದೆ ಕಲ್ನಾರು ತೆಗೆಯುತ್ತಿದ್ದರು. ಆದರೆ ರಷ್ಯಾ ಮೊದಲಾದ ಕಡೆಗಳಿಂದ ಬಿಳಿ ಕಲ್ನಾರನ್ನು ತರಿಸಿ ಶೀಟು ಮಾಡುವುದಕ್ಕಾಗಲಿ ಮಾರುವುದಕ್ಕಾಗಲಿ ಅಡ್ಡಿಯಿಲ್ಲ. ಆದ್ದರಿಂದ ಶಾಲೆಯ ಮಾಡಿನ ಮೇಲೆ ಅದು ಇದೆ ಎಂಬುದು ಕಾನೂನು ಬಿಟ್ಟಿದೆ ಎಂಬುದಕ್ಕಷ್ಟೇ ಸಾಕ್ಷಿ, ನಿರಪಾಯ ಎಂಬುದಕ್ಕಲ್ಲ. ಬಿಳಿ ಕಲ್ನಾರು ಶ್ವಾಸಕೋಶದಲ್ಲಿ ನೀಲಿಯಷ್ಟು ದೀರ್ಘಕಾಲ ಉಳಿಯುವುದಿಲ್ಲ ಎಂಬುದು ನಿಜ. ಆ ನಿಜವನ್ನೇ ಎಳೆದು ಅದು ಸುರಕ್ಷಿತ ಎಂದು ಮಾರಾಟಗಾರರು ಹೇಳುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮಾತ್ರ ಎಲ್ಲ ಬಗೆಯ ಕಲ್ನಾರನ್ನೂ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿನಲ್ಲೇ ಇಟ್ಟಿದೆ, ಬಿಳಿಯದಕ್ಕೆ ರಿಯಾಯಿತಿ ಕೊಟ್ಟಿಲ್ಲ.

ಈಗ ನಿಮ್ಮ ತಂದೆಯವರ ವಿಷಯ. ಬಾಯ್ಲರ್ ವಿಭಾಗ ಎಂದರೆ ಆ ಕಾಲದಲ್ಲಿ ಏನಾಗಿತ್ತೆಂದು ನನ್ನ ರೋಗಿಗಳ ಬಾಯಿಂದ ಕೇಳಿದ್ದೇನೆ. ಕಲ್ನಾರಿನ ಪುಡಿಯನ್ನು ಚೀಲದಿಂದ ಬಾನಿಗೆ ಸುರಿದು, ನೀರು ಹಾಕಿ ಬರಿಗೈಯಲ್ಲಿ ಕಲಸಿ, ಗೋಡೆಗೆ ಗಿಲಾಯಿ ಮಾಡಿದ ಹಾಗೆ ಪೈಪಿಗೆ ಮೆತ್ತುತ್ತಿದ್ದರು. ಬಾಗಿಲಿನ ಸಂದಿಗೆ ಕಲ್ನಾರಿನ ಹಗ್ಗವನ್ನು ಚಾಕುವಿನಿಂದ ಕತ್ತರಿಸಿ ತುರುಕುತ್ತಿದ್ದರು. ಎಲ್ಲಕ್ಕಿಂತ ಕೆಟ್ಟದ್ದು ವರ್ಷಕ್ಕೊಮ್ಮೆ ಬಾಯ್ಲರ್ ನಿಲ್ಲಿಸಿ ದುರಸ್ತಿ ಮಾಡುವಾಗ, ಒಣಗಿ ಪುಡಿಯಾಗಿದ್ದ ಹಳೆಯ ಲೇಪವನ್ನು ಸುತ್ತಿಗೆಯಿಂದ ಬಡಿದು ಬೀಳಿಸುವ ಕೆಲಸ. ಕಿಟಕಿಯ ಬಿಸಿಲುಕೋಲಿನಲ್ಲಿ ಮಿನುಗುತ್ತ ತೇಲುವ ಧೂಳನ್ನು ನೋಡುತ್ತಲೇ ಅಲ್ಲೇ ಕೂತು ಬುತ್ತಿ ಉಣ್ಣುತ್ತಿದ್ದೆವು ಎಂದು ಹೇಳಿದವರಿದ್ದಾರೆ. ಸಿಮೆಂಟಿನಲ್ಲಿ ಬಿಗಿದ ಶೀಟಿಗೂ ಈ ಬಿಡಿ ಪುಡಿಗೂ ಹೋಲಿಕೆಯೇ ಇಲ್ಲ. ಹಾಗಾಗಿ ತಂದೆಯವರು ಅಲ್ಲಿ ಏನು ಕೆಲಸ ಮಾಡುತ್ತಿದ್ದರು, ಬರಿಯ ಮೀಟರ್ ನೋಡಿಕೊಳ್ಳುತ್ತಿದ್ದರೋ, ಲೇಪ ಕೀಳುವ ಕೆಲಸಕ್ಕೂ ಹೋಗುತ್ತಿದ್ದರೋ ಎಂಬುದನ್ನು ಸಾವಧಾನವಾಗಿ ಕೇಳಿ ಬರೆದಿಟ್ಟುಕೊಳ್ಳಿ. ಎಕ್ಸ್‌ರೇಗಿಂತ ಮೊದಲು ವೈದ್ಯರಿಗೆ ಬೇಕಾದದ್ದು ಆ ಕಾಗದ.

ಹಾಗೆಂದು ಕಾಯಿಲೆ ಇದೇ ಎಂದು ಇಲ್ಲಿಂದಲೇ ನಾನು ಹೇಳಲಾರೆ, ಹೇಳಲೂ ಬಾರದು. ಒಣಕೆಮ್ಮು ಮತ್ತು ಏರು ಹತ್ತುವಾಗಿನ ಏದುಸಿರಿಗೆ ಹಲವು ಕಾರಣಗಳಿರುತ್ತವೆ. ವರ್ಷಗಟ್ಟಲೆ ಸೇದಿದ ಬೀಡಿ ಇದೆ, ಸೌದೆ ಒಲೆಯ ಹೊಗೆ ಇದೆ, ಹೃದಯದ ತೊಂದರೆ ಇರಬಹುದು. ಮಲೆನಾಡಿನಲ್ಲಿ ನಾವು ಮರೆಯಬಾರದ ಇನ್ನೊಂದು ಕಾರಣ, ಮಳೆಗಾಲದಲ್ಲಿ ಮುಗ್ಗಿದ ಹುಲ್ಲನ್ನು ಕೊಟ್ಟಿಗೆಯಲ್ಲಿ ಕೊಡವುವಾಗ ಏಳುವ ಬೂಷ್ಟಿನ ಧೂಳು. ಅದಕ್ಕೆ ಶ್ವಾಸಕೋಶ ಅಲರ್ಜಿಯಿಂದ ಕೆರಳಿ ಕೊನೆಗೆ ಕಲೆಗಟ್ಟುವುದು ರೈತರಲ್ಲಿ ಕಾಣುವ ಸಂಗತಿ, ಅದೂ ಆಸ್‌ಬೆಸ್ಟೋಸಿಸ್‌ನಂತೆಯೇ ತೋರಬಹುದು. ಕಫದಲ್ಲಿ ರೋಗಾಣು ಸಿಗದಿದ್ದರೂ ಎಕ್ಸ್‌ರೇಯ ನೆರಳು ನೋಡಿ ಕ್ಷಯದ ಮಾತ್ರೆ ಕೊಡುವುದು ನಮ್ಮ ದೇಶದಲ್ಲಿ ಧೂಳಿನ ಕಾಯಿಲೆಯ ಎಷ್ಟೋ ಜನರ ಪಾಡು. ಕೊಟ್ಟವರನ್ನು ನಾನು ದೂರುವುದಿಲ್ಲ, ಕ್ಷಯ ಅಷ್ಟು ಸಾಮಾನ್ಯವಾಗಿರುವ ಕಡೆ ಮೊದಲ ಅನುಮಾನ ಅದರ ಮೇಲೇ ಹೋಗುತ್ತದೆ. ಆದರೆ ಮಾತ್ರೆ ಮುಗಿದರೂ ಕೆಮ್ಮು ಉಳಿದಿದೆ ಎಂದರೆ ಮುಂದಿನ ಪರೀಕ್ಷೆಗೆ ಹೋಗಲೇಬೇಕು.

ಆ ಪರೀಕ್ಷೆ ಹೀಗಿರುತ್ತದೆ. ಬೆನ್ನಿನ ಕೆಳಭಾಗದಲ್ಲಿ ಸ್ಟೆತಾಸ್ಕೋಪ್ ಇಟ್ಟಾಗ ಉಸಿರು ಎಳೆದುಕೊಳ್ಳುವ ಕೊನೆಯಲ್ಲಿ ಸಣ್ಣ ಚಿಟಿಚಿಟಿ ಸದ್ದು ಕೇಳುತ್ತದೆಯೇ, ಬೆರಳಿನ ತುದಿಗಳು ಉಬ್ಬಿವೆಯೇ ಎಂದು ನೋಡುತ್ತಾರೆ. ಉಸಿರನ್ನು ಯಂತ್ರಕ್ಕೆ ಊದಿಸಿ ಶ್ವಾಸಕೋಶದ ಅಳವನ್ನೂ, ಗಾಳಿಯಿಂದ ರಕ್ತಕ್ಕೆ ಅನಿಲ ಸಾಗುವ ಬಲವನ್ನೂ ಅಳೆಯುತ್ತಾರೆ. ಸಾಧಾರಣ ಎಕ್ಸ್‌ರೇ ಸರಿಯಿದೆ ಎಂದಾಕ್ಷಣ ನಿಶ್ಚಿಂತರಾಗಬೇಡಿ. ಆರಂಭದ ಕಲೆಗಳನ್ನು ಅದು ತೋರಿಸದಿರಬಹುದು, ಆದ್ದರಿಂದ ತೆಳುಪದರಗಳ ಸಿ.ಟಿ. ಸ್ಕ್ಯಾನ್ ಮಾಡಿಸಬೇಕು. ಶ್ವಾಸಕೋಶದ ಹೊರಪೊರೆಯ ಮೇಲೆ ಸುಣ್ಣಗಟ್ಟಿದ ಬಿಲ್ಲೆಯಂಥ ಮಚ್ಚೆಗಳು ಎರಡೂ ಕಡೆ ಕಂಡರೆ ಅದು ಹಳೆಯ ಕಲ್ನಾರು ಸಂಪರ್ಕದ ಬಲವಾದ ಗುರುತು. ಆ ಮಚ್ಚೆಗಳು ತಾವೇ ಕ್ಯಾನ್ಸರ್ ಅಲ್ಲ. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಶ್ವಾಸಕೋಶ ವಿಭಾಗಕ್ಕೆ ಹಳೆಯ ಎಕ್ಸ್‌ರೇಗಳು ಮತ್ತು ಕ್ಷಯ ಚಿಕಿತ್ಸೆಯ ಚೀಟಿಗಳ ಸಮೇತ ಕರೆದುಕೊಂಡು ಹೋಗಿ. ಕಫದಲ್ಲಿ ರಕ್ತ, ಒಂದೇ ಬದಿಯ ಎದೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ.

ಆಸ್‌ಬೆಸ್ಟೋಸಿಸ್ ಎಂದೇ ಆದರೆ ಕಲೆಗಟ್ಟಿದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಬೆಲ್ಲ ತಿಂದರೆ ಧೂಳು ಇಳಿಯುತ್ತದೆ, ಹಾಲು ಕುಡಿದರೆ ತೊಳೆದು ಹೋಗುತ್ತದೆ ಎಂದು ಕಾರ್ಖಾನೆಗಳಲ್ಲಿ ಹೇಳುವ ಮಾತಿಗೆ ಆಧಾರವಿಲ್ಲ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಎಳೆ ಇರುವುದು ಶ್ವಾಸಕೋಶದಲ್ಲಿ. ಆದರೆ ಕೈಚೆಲ್ಲಿ ಕೂರಬೇಕಾಗಿಲ್ಲ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಉಸಿರಾಟದ ವ್ಯಾಯಾಮ, ಅಗತ್ಯ ಬಿದ್ದಾಗ ಆಮ್ಲಜನಕ, ಇವುಗಳಿಂದ ದಿನಗಳು ಸುಗಮವಾಗುತ್ತವೆ. ತಂದೆಯವರು ಬೀಡಿ ಬಿಟ್ಟದ್ದು ಅವರು ತಮಗೆ ತಾವೇ ಮಾಡಿಕೊಂಡ ಅತಿ ದೊಡ್ಡ ಉಪಕಾರ. ಅಮೆರಿಕದ ಶಾಖನಿರೋಧಕ ಕಾರ್ಮಿಕರ ಬಗ್ಗೆ ಹ್ಯಾಮಂಡ್, ಸೆಲಿಕಾಫ್ ಮತ್ತು ಸೈಡ್‌ಮನ್ 1979ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕಲ್ನಾರು, ಧೂಮಪಾನ ಎರಡೂ ಇಲ್ಲದವರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ಕಲ್ನಾರು ಮಾತ್ರ ಇದ್ದವರಲ್ಲಿ ಸುಮಾರು 5 ಪಟ್ಟು, ಧೂಮಪಾನ ಮಾತ್ರ ಇದ್ದವರಲ್ಲಿ ಸುಮಾರು 11 ಪಟ್ಟು, ಎರಡೂ ಇದ್ದವರಲ್ಲಿ 50 ಪಟ್ಟಿಗೂ ಹೆಚ್ಚು. ಬೀಡಿ ಬಿಟ್ಟ ಮೇಲೆ ವರ್ಷದಿಂದ ವರ್ಷಕ್ಕೆ ಈ ಅಪಾಯ ತಗ್ಗುತ್ತದೆ. ಮೀಸೋಥೀಲಿಯೋಮಾದ ಮಾತು ಬೇರೆ, ಅದಕ್ಕೂ ಧೂಮಪಾನಕ್ಕೂ ಸಂಬಂಧವಿಲ್ಲ.

ನೀವು ತಾಯಿಯವರ ಬಗ್ಗೆ ಏನೂ ಬರೆದಿಲ್ಲ. ತಂದೆಯವರ ಕೆಲಸದ ಬಟ್ಟೆಗಳನ್ನು ಅವರೇ ಕೊಡವಿ ಒಗೆಯುತ್ತಿದ್ದರೆ ಅವರಿಗೂ ಒಮ್ಮೆ ಪರೀಕ್ಷೆ ಮಾಡಿಸಿ. ಕಾರ್ಖಾನೆಯ ಬಾಗಿಲನ್ನೇ ಕಾಣದ ಹೆಂಡತಿ ಮಕ್ಕಳಿಗೆ ಬಟ್ಟೆಯ ಧೂಳಿನಿಂದ ಮೀಸೋಥೀಲಿಯೋಮಾ ಬಂದದ್ದು ಲಂಡನ್ನಿನಲ್ಲಿ 1965ರಷ್ಟು ಹಿಂದೆಯೇ ದಾಖಲಾಗಿದೆ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ ಕೊಟ್ಟ ತೀರ್ಪಿನಲ್ಲಿ ಕಾರ್ಮಿಕನ ಆರೋಗ್ಯದ ಹಕ್ಕು ಬದುಕುವ ಹಕ್ಕಿನದೇ ಭಾಗವೆಂದು ಹೇಳಿ, ಕಲ್ನಾರು ಉದ್ಯಮಗಳು ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಯ್ದಿಡಬೇಕೆಂದು ಆದೇಶಿಸಿತು. ಆ ಆದೇಶ ಕಲ್ನಾರು ಕಾರ್ಖಾನೆಗಳನ್ನು ಕುರಿತದ್ದು, ನಿಮ್ಮ ತಂದೆಯವರ ಕಾರ್ಖಾನೆಗೆ ನೇರವಾಗಿ ಅನ್ವಯಿಸದಿರಬಹುದು. ಆದರೆ ಕಾರ್ಮಿಕ ಕಾನೂನಿನಲ್ಲಿ ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಆಸ್‌ಬೆಸ್ಟೋಸಿಸ್ ಇದೆ, ಅದನ್ನು ಕಂಡ ವೈದ್ಯ ವರದಿ ಮಾಡಬೇಕು ಎಂಬ ನಿಯಮವೂ ಇದೆ. ರೋಗನಿರ್ಣಯ ಖಚಿತವಾದರೆ ಅದನ್ನು ಬರಹದಲ್ಲಿ ಪಡೆದು, ಕೆಲಸದ ಗುರುತಿನ ಚೀಟಿ, ಭವಿಷ್ಯನಿಧಿಯ ಕಾಗದ, ಇ.ಎಸ್.ಐ. ಕಾರ್ಡು ಏನಿದ್ದರೂ ಜೋಡಿಸಿಕೊಂಡು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ. ಇಷ್ಟು ವರ್ಷಗಳ ಮೇಲೆ ಪರಿಹಾರ ಪಡೆಯುವುದು ಸುಲಭವೆಂದು ಆಸೆ ಹುಟ್ಟಿಸುವುದಿಲ್ಲ, ಆದರೆ ದಾಖಲೆ ಇಲ್ಲದಿದ್ದರೆ ಆ ಮಾತೇ ಎತ್ತುವಂತಿಲ್ಲ.

ಇನ್ನು ಮಾಡು. 1989ರ ಶೀಟಿನಲ್ಲಿ ಕಲ್ನಾರು ಇದೆಯೆಂದೇ ಹಿಡಿಯಬೇಕು. ಅಂಗಡಿಯಲ್ಲಿ ಈಗ ಸಿಗುವ ಹೊಸ ಸಿಮೆಂಟ್ ಶೀಟಿನಲ್ಲೂ ಇರುವುದು ಸಾಮಾನ್ಯ, ಐಎಸ್ 459 ಎಂಬ ಗುರುತಿದ್ದರೆ ಅದು ಕಲ್ನಾರಿನ ಶೀಟೇ. ಸಮಾಧಾನದ ಸಂಗತಿಯೆಂದರೆ ಕೊಟ್ಟಿಗೆ ಮತ್ತು ಅಡಿಕೆ ಸುಲಿಯುವ ಮಾಡು ನಾಲ್ಕೂ ಕಡೆ ಗಾಳಿಯಾಡುವ ಜಾಗಗಳು. ಗಟ್ಟಿಯಾಗಿರುವ ಶೀಟಿನ ಕೆಳಗೆ ಕೂತು ಅಡಿಕೆ ಸುಲಿದವರಿಗೆ ಬರುವ ಅಪಾಯ ಬಾಯ್ಲರ್ ಕಾರ್ಮಿಕನ ಅಪಾಯದ ಪಕ್ಕದಲ್ಲಿಟ್ಟು ನೋಡುವಂಥದ್ದಲ್ಲ. ಅಸಮಾಧಾನದ ಸಂಗತಿ ನಮ್ಮ ಮಳೆ. ಆಗುಂಬೆಯಲ್ಲಿ ವರ್ಷದ ಸರಾಸರಿ 7,000 ಮಿಲಿಮೀಟರನ್ನು ಮೀರುತ್ತದೆ, ನಿಮ್ಮ ಕಡೆಯದೂ ಕಡಿಮೆಯೇನಲ್ಲ. ಮಳೆನೀರಿನಲ್ಲಿ ಸಹಜವಾಗಿ ಇರುವ ಅಲ್ಪ ಆಮ್ಲ ಸಿಮೆಂಟಿನ ಸುಣ್ಣವನ್ನು ಕರಗಿಸುತ್ತ ಹೋಗುತ್ತದೆ, ಪಾಚಿ ಮತ್ತು ಕಲ್ಲುಹೂವು ಅದಕ್ಕೆ ಕೈಜೋಡಿಸುತ್ತವೆ. ಮೂವತ್ತೈದು ವರ್ಷದ ಶೀಟಿನ ಮೇಲ್ಮೈಯನ್ನು ಹತ್ತಿರದಿಂದ ನೋಡಿದರೆ ಹೊಸದರ ನುಣುಪು ಹೋಗಿ ಬೂದುಬಣ್ಣದ ಒರಟಾದ ಮೇಲ್ಮೈಯ ಮೇಲೆ ಬೆಳ್ಳಗಿನ ನವಿರಾದ ರೋಮಗಳು ಎದ್ದಿರುವುದು ಕಾಣುತ್ತದೆ. ಅವು ಹಿಡಿತ ಸಡಿಲವಾದ ಕಲ್ನಾರಿನ ಎಳೆಗಳು. ಮೇ ತಿಂಗಳ ಒಣಬಿಸಿಲಿನಲ್ಲಿ ತಂತಿ ಬ್ರಷ್ಷು ಉಜ್ಜುವಾಗ ನೀವು ಪಾಚಿಯ ಜೊತೆಗೆ ಅವನ್ನೂ ಕೆರೆದು ಮುಖದ ಮುಂದೆಯೇ ಹಾರಿಸುತ್ತಿದ್ದಿರಿ. ಆದದ್ದಕ್ಕೆ ಗಾಬರಿ ಬೇಡ, ವರ್ಷಕ್ಕೊಂದು ದಿನ ಬಯಲಿನಲ್ಲಿ ಮಾಡಿದ ಕೆಲಸದ ಅಪಾಯ ಸಣ್ಣದೇ. ಆದರೆ ಅಪಾಯವೇ ಇಲ್ಲದ ಮಟ್ಟ ಎಂಬುದೊಂದು ಈ ಧೂಳಿಗೆ ಗೊತ್ತಾಗಿಲ್ಲವಾದ್ದರಿಂದ ಇನ್ನು ಅದನ್ನು ಮಾಡಬೇಡಿ. ಕಾರು ತೊಳೆಯುವ ಪ್ರೆಷರ್ ಯಂತ್ರ ಇನ್ನೂ ಕೆಟ್ಟದ್ದು. ಪಾಚಿ ಇದ್ದರೆ ಇರಲಿ.

ಕ್ಯಾನ್ಸರಿಗಿಂತ ಹತ್ತಿರದ ಇನ್ನೊಂದು ಅಪಾಯವಿದೆ. ಹಳೆಯ ಶೀಟು ಮೇಲಿನಿಂದ ಗಟ್ಟಿಯಾಗಿ ಕಂಡರೂ ಆಳಿನ ಭಾರಕ್ಕೆ ಸದ್ದಿಲ್ಲದೆ ಬಾಯಿಬಿಡುತ್ತದೆ. ಮಳೆಗಾಲಕ್ಕೆ ಮುಂಚೆ ಶೀಟಿನ ಮೇಲಿಂದ ಬಿದ್ದು ಸೊಂಟ, ಬೆನ್ನು ಮುರಿದುಕೊಂಡು ಬಂದವರನ್ನು ನಮ್ಮ ಮೂಳೆ ವಿಭಾಗದವರು ಪ್ರತಿ ವರ್ಷ ನೋಡುತ್ತಾರೆ.

ನಿಮಗಿರುವ ದಾರಿಗಳಲ್ಲಿ ಮೊದಲನೆಯದು ಸದ್ಯಕ್ಕೆ ಮುಟ್ಟದೆ ಬಿಡುವುದು. ಒಡಕಿಲ್ಲದ, ಪದರ ಏಳದ ಶೀಟಿಗೆ ಇದು ಸರಿಯಾದ ದಾರಿಯೇ. ಬಣ್ಣ ಅಥವಾ ಅಕ್ರಿಲಿಕ್ ಲೇಪ ಬಳಿಸಿದರೆ ಎಳೆಗಳು ಕೆಲವು ವರ್ಷ ಹಿಡಿತದಲ್ಲಿರುತ್ತವೆ, ಆದರೆ ಬಳಿಯುವ ಮುನ್ನ ಮೇಲ್ಮೈಯನ್ನು ಉಜ್ಜಿ ಶುಚಿ ಮಾಡಬೇಕೆಂದು ಪೇಂಟರ್ ಹೇಳಿದರೆ ಆ ಕೆಲಸವೇ ಬೇಡ. ಇರುವ ಶೀಟಿನ ಮೇಲೆಯೇ ಹೊಸ ತಗಡು ಹೊದಿಸುವ ಪದ್ಧತಿ ಕೆಲವು ಕಡೆ ಇದೆ. ಅದಕ್ಕಾಗಿ ಶೀಟಿಗೆ ನೂರಾರು ತೂತು ಕೊರೆಯಬೇಕಾಗುವುದರಿಂದಲೂ, ಹಳೆಯ ಪಕಾಸು ಎರಡರ ಭಾರ ಹೊರಬೇಕಾಗುವುದರಿಂದಲೂ ನನಗದು ಇಷ್ಟವಿಲ್ಲ. ನೀವು ಹೇಗೂ ಮನಸ್ಸು ಮಾಡಿದ್ದೀರಿ, ಶೀಟಿಗೂ ವಯಸ್ಸಾಗಿದೆ. ಆದ್ದರಿಂದ ತೆಗೆಸುವುದೇ ಸರಿ, ತೆಗೆಯುವ ಬಗೆ ಮಾತ್ರ ಬದಲಾಗಬೇಕು.

ಮಳೆ ಹಿಂದೆಗೆದು ಅಡಿಕೆ ಕೊಯ್ಲಿನ ಗಡಿಬಿಡಿ ಶುರುವಾಗುವ ಮುಂಚಿನ ದಿನಗಳು ಇದಕ್ಕೆ ಒಳ್ಳೆಯ ಕಾಲ, ಶೀಟಿನಲ್ಲಿ ಇನ್ನೂ ತೇವವಿರುತ್ತದೆ, ಗಾಳಿ ಜೋರಿರುವುದಿಲ್ಲ. ದನಕರುಗಳನ್ನು ಬೇರೆ ಕಡೆ ಕಟ್ಟಿ, ಹುಲ್ಲು, ಹಿಂಡಿ, ಅಡಿಕೆ ಎಲ್ಲವನ್ನೂ ಹೊರಗೆ ಸಾಗಿಸಿ. ಮಕ್ಕಳು ಹತ್ತಿರ ಸುಳಿಯಬಾರದು, ನಿಮ್ಮ ತಂದೆಯವರೂ ಅಂದು ನೆಂಟರ ಮನೆಯಲ್ಲಿರಲಿ. ಔಷಧಿ ಹೊಡೆಯುವ ಪಂಪಿನಲ್ಲಿ ನೀರಿಗೆ ಸ್ವಲ್ಪ ಸೋಪು ಬೆರೆಸಿ ಮೆಲ್ಲಗೆ ಶೀಟಿನ ಎರಡೂ ಬದಿಗೆ ಸಿಂಪಡಿಸಿ. ಸೋಪು ಇದ್ದರೆ ನೀರು ಒಳಗೆ ಇಳಿಯುತ್ತದೆ. ಪಂಪು ಮೊದಲೇ ತೊಳೆದದ್ದಾಗಿರಲಿ. ಕೆಲಸ ಆದಷ್ಟೂ ಕೆಳಗಿನಿಂದ, ಅಟ್ಟಣಿಗೆ ಕಟ್ಟಿಕೊಂಡು ನಡೆಯಬೇಕು. ಮೇಲೆ ಹೋಗಲೇಬೇಕಾದರೆ ಪಕಾಸಿನಿಂದ ಪಕಾಸಿಗೆ ಹಲಗೆ ಹಾಕಿಕೊಂಡೇ ಹೋಗಬೇಕು. ತುಕ್ಕು ಹಿಡಿದ ಕೊಕ್ಕೆ ಬೋಲ್ಟುಗಳನ್ನು ಕಟರಿನಿಂದ ತುಂಡರಿಸಿ, ಶೀಟಿಗೆ ಗ್ರೈಂಡರ್ ತಾಗಿಸಬೇಡಿ. ಶೀಟನ್ನು ಇಡಿಯಾಗಿಯೇ ಇಬ್ಬರು ಹಿಡಿದು ಇಳಿಸಬೇಕು, ಎಸೆಯಬಾರದು. ಬಟ್ಟೆ ಮಾಸ್ಕು, ತಲೆಗೆ ಸುತ್ತಿದ ಟವೆಲ್ಲು ಈ ಎಳೆಗಳನ್ನು ತಡೆಯುವುದಿಲ್ಲ. ಕನಿಷ್ಠ ಎನ್‌95, ಸಿಕ್ಕಿದರೆ ಪಿ100 ಫಿಲ್ಟರಿನ ರಬ್ಬರ್ ಮಾಸ್ಕು ಬೇಕು, ಅದು ಕೂಡ ಗಡ್ಡವಿದ್ದರೆ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ. ಕೆಳಗೆ ಬಿದ್ದ ಚೂರುಗಳನ್ನು ಒಣ ಕಡ್ಡಿಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಿಂದ ಎತ್ತಿ. ಕೆಲಸದವರು ಅಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿಕೊಂಡು ಹೋಗಲು ಬಿಸಿನೀರು ಕಾಯಿಸಿಡಿ. ಒಂದು ದಿನದ ಕೆಲಸ ಮೂರು ದಿನವಾಗುತ್ತದೆ, ಅದರ ಕೂಲಿಯನ್ನು ಮೊದಲೇ ಒಪ್ಪಿಕೊಳ್ಳಿ, ಇಲ್ಲದಿದ್ದರೆ ನೀವು ಒಳಗೆ ಕಾಫಿಗೆ ಹೋದ ಹೊತ್ತಿಗೆ ಸುತ್ತಿಗೆ ಹೊರಬರುತ್ತದೆ.

ಹೊಸ ಹೊದಿಕೆಗೆ ಬಣ್ಣದ ತಗಡು ಚೆನ್ನ, ಮಂಗಗಳಿಗೂ ಒಡೆಯಲಾಗದು. ಗಂಜಲದಿಂದ ಏಳುವ ಅಮೋನಿಯಾ ತಗಡಿನ ಒಳಮೈಯನ್ನು ತಿನ್ನುವುದರಿಂದ ಕೊಟ್ಟಿಗೆಗೆ ಎರಡೂ ಬದಿ ಒಳ್ಳೆಯ ಲೇಪವಿರುವುದನ್ನೇ ಆರಿಸಿ, ಮೇಲೆ ಗಾಳಿ ಹೋಗಲು ಸಂದಿ ಬಿಡಿಸಿ. ಕಲ್ನಾರಿಲ್ಲದ ಸಿಮೆಂಟ್ ಶೀಟುಗಳೂ ಸ್ವಲ್ಪ ಹೆಚ್ಚಿನ ಬೆಲೆಗೆ ಸಿಗುತ್ತವೆ.

ಚೂರುಗಳನ್ನು ತೋಟದ ದಾರಿಗೆ ತುಂಬುವ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ನೆದರ್‌ಲೆಂಡ್ಸಿನ ಖೋರ್ ಎಂಬ ಊರಿನಲ್ಲಿ ಸರಿಯಾಗಿ ಇದನ್ನೇ ಮಾಡಿದ್ದರು. ಅಲ್ಲಿನ ಕಲ್ನಾರು ಸಿಮೆಂಟ್ ಕಾರ್ಖಾನೆಯ ತ್ಯಾಜ್ಯವನ್ನು 1935ರಿಂದ 1974ರವರೆಗೆ ಸುತ್ತಲಿನ ರೈತರು ದಾರಿಗೂ ಅಂಗಳಕ್ಕೂ ತುಂಬಿದರು. ಅದರ ಮೇಲೆ ಓಡಾಡಿದ, ಕಾರ್ಖಾನೆಯಲ್ಲಿ ಎಂದೂ ದುಡಿಯದ ಹೆಂಗಸರಲ್ಲಿ ದಶಕಗಳ ಮೇಲೆ ಮೀಸೋಥೀಲಿಯೋಮಾ ಕಾಣಿಸಿಕೊಂಡಿತು. ನಿಮ್ಮ ದಾರಿಯ ಮೇಲೆ ಟ್ರ್ಯಾಕ್ಟರ್ ಓಡಾಡಿ ಚೂರು ಪುಡಿಯಾಗಿ, ಬೇಸಿಗೆಯಲ್ಲಿ ಅಡಿಕೆ ಹೊರುವವರ ಕಾಲಡಿಯಿಂದ ಎದ್ದು ಬರುವುದು ಅದೇ ಧೂಳು. ಕೆಸರಿಗೆ ಜಂಬಿಟ್ಟಿಗೆಯ ಚೂರು ಹಾಕಿಸಿ. ಹಳೆಯ ಶೀಟನ್ನು ಕಡಿಮೆ ಬೆಲೆಗೆ ಕೇಳುವವರು ಬಂದೇ ಬರುತ್ತಾರೆ, ಅವರು ಅದನ್ನು ಕತ್ತರಿಸಿಯೇ ಹಾಕುತ್ತಾರೆ ಎಂಬುದನ್ನು ನೆನಪಿಡಿ.

ಹಾಗಾದರೆ ಎಲ್ಲಿ ಹಾಕುವುದು? 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಿಸಾಡಿದ ಕಲ್ನಾರು ಇದೆ, ಅಂಥ ತ್ಯಾಜ್ಯವನ್ನು ಹೂಳುವ ಅಧಿಕೃತ ಜಾಗ ದಾಬಸ್‌ಪೇಟೆಯಲ್ಲಿದೆ. ಆದರೆ ಆ ವ್ಯವಸ್ಥೆ ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು, ಹಳ್ಳಿಯ ಒಂದು ಕೊಟ್ಟಿಗೆಯ ಶೀಟನ್ನು ಅಲ್ಲಿಗೆ ಮುಟ್ಟಿಸುವ ದಾರಿ ಸುಗಮವಾಗಿಲ್ಲ. ಇದು ಸರ್ಕಾರ ತುಂಬಬೇಕಾದ ದೊಡ್ಡ ಕೊರತೆ ಎಂಬುದು ನನ್ನ ಅಭಿಪ್ರಾಯ. ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಕಚೇರಿಗೂ ನಿಮ್ಮ ಗ್ರಾಮ ಪಂಚಾಯಿತಿಗೂ ಬರಹದಲ್ಲಿ ಕೇಳಿ. ಅವರು ದಾರಿ ತೋರಿಸುವವರೆಗೆ ಇಡಿ ಶೀಟುಗಳನ್ನು ಬಾವಿ, ಹಳ್ಳಗಳಿಂದ ದೂರದ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಒಡೆಯಬಾರದು ಎಂದು ಬರೆದಿಡಿ. ಚೂರುಗಳು ಒದ್ದೆಯಾಗಿಯೇ ಎರಡು ಪದರದ ಚೀಲಕ್ಕೆ ಹೋಗಲಿ.

ಅಕ್ಕನವರು ಹೇಳಿದ ನೀರಿನ ವಿಷಯ ಉಳಿಯಿತು. ಕಲ್ನಾರಿನ ಅಪಾಯ ಉಸಿರಿನಲ್ಲಿ ಇರುವುದು. ನೀರಿನ ಮೂಲಕ ಹೊಟ್ಟೆಗೆ ಹೋದ ಎಳೆಗಳಿಂದ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಒಂದಕ್ಕೊಂದು ಹೊಂದುವ ಪುರಾವೆ ಸಿಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಇದಕ್ಕೆ ಮಿತಿಯನ್ನೇ ನಿಗದಿ ಮಾಡಿಲ್ಲ. ಆದ್ದರಿಂದ ಆ ನೀರನ್ನು ದನಗಳ ಮೈ ತೊಳೆಯಲು, ತೋಟಕ್ಕೆ ಬಿಡಲು ಅಡ್ಡಿಯಿಲ್ಲ. ಕುಡಿಯಲು ಮಾತ್ರ ನಾನು ಬಳಸುವುದಿಲ್ಲ, ಅದು ಹೆಚ್ಚಾಗಿ ಹಕ್ಕಿ ಮಂಗಗಳ ಹಿಕ್ಕೆಯ ಕಾರಣಕ್ಕೆ. ಗಮನ ಕೊಡಬೇಕಾದದ್ದು ನೀರಿಗಿಂತ ಅದರ ತಳದಲ್ಲಿ ಕೂರುವ ಬೂದುಬಣ್ಣದ ಕೆಸರಿಗೆ, ಏಕೆಂದರೆ ಮಳೆಗೆ ಕೊಚ್ಚಿ ಬಂದ ಎಳೆಗಳೆಲ್ಲ ಅಲ್ಲಿ ಸೇರಿರುತ್ತವೆ. ಮಾಡು ಬದಲಾಯಿಸಿದ ದಿನವೇ ಸೂರಿನ ಪೈಪಿನದನ್ನೂ ಟ್ಯಾಂಕಿನ ತಳದ್ದನ್ನೂ ಒಣಗಲು ಬಿಡದೆ ಬಳಿದು, ಶೀಟಿನ ಚೂರುಗಳ ಜೊತೆಗೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ.